ಐದಕ್ಕೆ ಐದು

ನನಗೆ ಚೆಸ್ ಅಷ್ಟಾಗಿ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹತ್ತು ಹನ್ನೆರಡು ವರ್ಷ ಚೆಸ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದೆ ಎಂದ ತಕ್ಷಣ ಜನ ನನ್ನನ್ನು ಬೇರೆಯೇ ಥರ ನೋಡಲು ಶುರುಮಾಡುತ್ತಾರೆ. ನಾನು ಕಾರ್ಯದರ್ಶಿಯಾದದ್ದು ಆಟದ ಬಲದಿಂದಲ್ಲ, ಬಾಯಿಯ ಬಲದಿಂದ. ತೊಂಬತ್ತರ ದಶಕದಲ್ಲಿ ರಾಜೀವನಗರದಲ್ಲಿ ನನ್ನದೊಂದು ಟೈಪಿಂಗ್ ಇನ್ಸ್‌ಟಿಟ್ಯೂಟ್ ಇತ್ತು. ಭಾನುವಾರ ಅದಕ್ಕೆ ರಜೆ. ಅವತ್ತು ಜಾಗ ಕೊಟ್ಟರೆ ಚೆಸ್ ಆಡಿಕೊಳ್ಳುತ್ತೇವೆ ಎಂದು ನಾಲ್ಕೈದು ಜನ ಕೇಳಿಕೊಂಡು ಬಂದರು, ಕೊಟ್ಟೆ. ಒಳಗೆ ಸಿಗರೇಟು ಸೇದಿದರೆ ಬೈಯುತ್ತಿದ್ದೆ, ಟೈಪ್‌ರೈಟರಿನ ಮೇಲೆ ಕಾಫಿ ಲೋಟ ಇಟ್ಟರೆ ಬೈಯುತ್ತಿದ್ದೆ, ಕಾಯಿಗಳನ್ನು ಎಣಿಸಿ ಡಬ್ಬಕ್ಕೆ ಹಾಕದೆ ಎದ್ದು ಹೋದರೆ ಬೀದಿಯವರೆಗೂ ಹಿಂದೆ ಹೋಗಿ ಬೈಯುತ್ತಿದ್ದೆ. ಹೇಗೂ ಬೈಯುತ್ತಾಳೆ, ಅವಳೇ ಕಾರ್ಯದರ್ಶಿಯಾಗಲಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ನೋಡಿ ನೋಡಿ ನನಗೂ ಆಟ ಒಂದಿಷ್ಟು ಬಂತು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದವರು. ಅವರ ತಾತ, ಮುತ್ತಾತ ಎಲ್ಲ ಅರಮನೆಯ ಕಚೇರಿಯಲ್ಲಿ ಬರವಣಿಗೆ ಕೆಲಸ ಮಾಡಿದವರು. ಬನ್ನಿಮಂಟಪದ ಹತ್ತಿರದ ಮನೆಯಿಂದ ಭಾನುವಾರ ಹತ್ತಕ್ಕೆ ಸರಿಯಾಗಿ ಸೈಕಲ್ಲಿನಲ್ಲಿ ಬಂದಿಳಿಯುತ್ತಿದ್ದರು. ಅವರಿಗೆ ಎದುರಾಳಿ ಎಂದರೆ ಸಾವ್ಕಾರ್ರು. ಹಣೆಯ ತುಂಬ ವಿಭೂತಿ, ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ, ಮಠದ ಭಕ್ತರ ಮನೆತನ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಎಷ್ಟು ನಯವೋ ಬೋರ್ಡಿನ ಮುಂದೆ ಅಷ್ಟೇ ಒರಟು. ಕಾಯಿ ತಿಂದರೆ ಟಪ್ಪೆಂದು ಕುಕ್ಕುತ್ತಿದ್ದರು. ಆದರೆ ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಮೇಷ್ಟ್ರನ್ನು ಸೋಲಿಸಲು ಅವರಿಂದ ಆಗಿರಲಿಲ್ಲ. "ಇವತ್ತು ಬುಡಲ್ಲ ಮೇಷ್ಟ್ರೇ" ಎಂದು ಕೂರುವುದು, ಸೋತು "ಮುಂದಿನ್ ವಾರ ಐತೆ" ಎಂದು ಏಳುವುದು, ಇಷ್ಟೇ.

ಕ್ಲಬ್ಬಿಗೆ ಒಂದೇ ಕಾನೂನಿತ್ತು, ಅದನ್ನು ಮಾಡಿದವರೂ ಮೇಷ್ಟ್ರೇ. ಗೆದ್ದವರು ಗೆದ್ದೆ ಅಂತ ಎದ್ದು ಹೋಗುವ ಹಾಗಿಲ್ಲ. ಸೋತವರ ಜೊತೆ ಆಟವನ್ನು ಮೊದಲಿನಿಂದ ಮತ್ತೆ ಆಡಿ, ಅವರು ಎಲ್ಲಿ ಎಡವಿದರು ಎಂದು ತೋರಿಸಿಯೇ ಏಳಬೇಕು. ಸೋತವರಿಗೆ ಸಮಾಧಾನವಾಗುವ ತನಕ ಗೆದ್ದವರಿಗೆ ಕಾಫಿ ಇಲ್ಲ. ಬೇರೆ ಊರಿನ ಆಟಗಾರರೊಬ್ಬರು ಒಮ್ಮೆ ಬಂದು ಇದನ್ನು ಕಂಡು ನಕ್ಕರು. ನಗಲಿ ಬಿಡಿ. ನಾನು ಚೆಸ್ ಕಲಿತದ್ದೇ ಹಾಗೆ, ಸೋತು ಸೋತು, ಅದರ ಪಾಠ ಕೇಳಿ ಕೇಳಿ.

ಎರಡು ಸಾವಿರದ ಇಸವಿ ಕಳೆದ ಮೇಲೆ ಟೈಪಿಂಗ್ ಕಲಿಯಲು ಬರುವವರೇ ಇಲ್ಲವಾದರು. ಟೈಪ್‌ರೈಟರುಗಳನ್ನು ಮಾರಿ, ಪ್ಲೈವುಡ್ಡಿನ ಗೂಡುಗಳನ್ನು ಕಟ್ಟಿಸಿ, ಎಂಟು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ಮಾಡಿದೆ. ಚೆಸ್ ಬೋರ್ಡ್ ಹಾಸಲು ಜಾಗವೇ ಉಳಿಯಲಿಲ್ಲ. ಕ್ಲಬ್ಬನ್ನು ಮುಚ್ಚೋಣವೇ ಎಂದು ಯಾರೋ ಕೇಳಿದರು. ನನಗೆ ಪಿತ್ತ ನೆತ್ತಿಗೇರಿತು. "ಯಾಕೆ ಮುಚ್ಚಬೇಕು? ಕಂಪ್ಯೂಟರಿನಲ್ಲೇ ಆಡಿ. ಟೂರ್ನಮೆಂಟ್ ನಾನು ನಡೆಸುತ್ತೇನೆ" ಎಂದುಬಿಟ್ಟೆ. ಹೇಗೆ ನಡೆಸುವುದು ಎಂದು ನನಗೇ ಗೊತ್ತಿರಲಿಲ್ಲ. ವಾರವೆಲ್ಲ ತಡಕಾಡಿ, ಪುಕ್ಕಟೆ ಚೆಸ್ ಆಡಿಸುವ ಒಂದು ವೆಬ್‌ಸೈಟ್ ಹುಡುಕಿ, ಎಲ್ಲರಿಗೂ ಒಂದೊಂದು ಹೆಸರು, ಪಾಸ್‌ವರ್ಡ್ ಮಾಡಿ ಚೀಟಿಯಲ್ಲಿ ಬರೆದು ಕೊಟ್ಟೆ. ಸಾವ್ಕಾರ್ರು ಆ ಚೀಟಿಯನ್ನು ಅಂಗಡಿಯಲ್ಲಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟುಕೊಂಡಿದ್ದರು.

ಮೊದಲ ಟೂರ್ನಮೆಂಟನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಆನ್‌ಲೈನ್ ಎಂದರೆ ಮನೆಯಿಂದಲೇ ಆಡಬಹುದು ಎಂದು ಸಾರಿ ಸಾರಿ ಹೇಳಿದ್ದೆ. ಆದರೂ ಭಾನುವಾರ ಹತ್ತಕ್ಕೆ ಎಲ್ಲರೂ ನನ್ನ ಸೆಂಟರಿಗೇ ಬಂದು ಅಕ್ಕಪಕ್ಕದ ಗೂಡುಗಳಲ್ಲಿ ಕೂತರು. ಸಾವ್ಕಾರ್ರು ಒಂದು ಕಾಯಿ ನಡೆಸುವುದು, ತಕ್ಷಣ ಎದ್ದು ಪ್ಲೈವುಡ್ಡಿನ ಮೇಲಿಂದ ಬಗ್ಗಿ "ಬಂತೇನ್ರೀ? ಕುದುರೆ ಇಟ್ಟಿವ್ನಿ, ಕಾಣ್ತದಾ?" ಎಂದು ಪಕ್ಕದವರನ್ನು ಕೇಳುವುದು. ಪಕ್ಕದವರು "ಬಂತು ಬಂತು, ಕೂತ್ಕೊಳ್ರೀ" ಎನ್ನುವುದು. ಕಂಪ್ಯೂಟರಿನ ಗಡಿಯಾರ ಓಡುತ್ತಲೇ ಇರುತ್ತದೆ, ಇವರ ಮಾತು ಮುಗಿಯುವುದಿಲ್ಲ. ಅವತ್ತಿನ ಅರ್ಧ ಆಟಗಳಲ್ಲಿ ಸೋಲಾದದ್ದು ಮಾತಿನಿಂದ.

ಆ ಗದ್ದಲದಲ್ಲಿ ಮೇಷ್ಟ್ರು ಇರಲಿಲ್ಲ. ಅದಕ್ಕೂ ಹಲವು ತಿಂಗಳ ಹಿಂದೆ, ಬೋರ್ಡುಗಳು ಇನ್ನೂ ಇದ್ದಾಗಲೇ, ಅವರ ಬಲಗೈ ನಡುಗಲು ಶುರುವಾಗಿತ್ತು. ಔಷಧಿಯಿಂದ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಒಂದು ಭಾನುವಾರ ಆನೆಯನ್ನು ಎತ್ತಲು ಹೋಗಿ ಅರ್ಧ ಬೋರ್ಡನ್ನೇ ಉರುಳಿಸಿಬಿಟ್ಟರು. ಮೇಷ್ಟ್ರು ಎಡಗೈಯಲ್ಲಿ ಒಂದೊಂದೇ ಕಾಯಿಯನ್ನು ಎತ್ತಿ, ಯಾವುದು ಎಲ್ಲಿತ್ತೋ ಅಲ್ಲೇ ಇಟ್ಟು, ಆಟ ಮುಗಿಸಿ, ಗೆದ್ದು, ಸಾವ್ಕಾರ್ರಿಗೆ ಪಾಠವನ್ನೂ ಹೇಳಿ ಹೊರಟರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಸೈಬರ್ ಸೆಂಟರಿನ ಆ ಮೊದಲ ಟೂರ್ನಮೆಂಟ್ ಮುಗಿದ ಮೇಲೆ ಮನೆಗೆ ಹೋಗಿ, ಇನ್ನಾದರೂ ಆಡಲು ಬನ್ನಿ ಎಂದು ಕೇಳಿದೆ. "ಸಾಕಮ್ಮ. ಆಡಿದ್ದು ಸಾಕು" ಎಂದರು. ಹೈಸ್ಕೂಲನ್ನೇ ನಡುಗಿಸಿದ ಆ ಗಂಟಲಿನಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೊರಡುವಾಗ ಅವರ ಹೆಂಡತಿ ಗೇಟಿನ ತನಕ ಬಂದರು. ನಾವು ಅವರನ್ನು ಅಮ್ಮಾವ್ರು ಎನ್ನುತ್ತಿದ್ದೆವು.

"ಚೆಸ್ಸು ಚೆಸ್ಸು ಅಂತ ಭಾನುವಾರ ಮನೇಲಿ ನಿಲ್ತಿರ್ಲಿಲ್ಲ, ಆಗೆಲ್ಲ ಶಾಪ ಹಾಕ್ತಿದ್ದೆ ಕಣಮ್ಮ" ಎಂದರು. "ಈಗ ದಿನಾ ಮನೇಲೇ ಇರ್ತಾರೆ. ಮಾತೇ ಇಲ್ಲ. ಸಾರಿಗೆ ಉಪ್ಪು ಹಾಕೋದು ಮರೆತ್ರೂ ಸುಮ್ನೆ ಊಟ ಮಾಡಿ ಎದ್ದು ಹೋಗ್ತಾರೆ. ಇವರು ಹೀಗೇ ಕೂತ್ಬಿಟ್ರೆ ನಾನೇನು ಮಾಡ್ಲಿ ಹೇಳು?"

ಉಪ್ಪಿಲ್ಲದ ಸಾರನ್ನು ಸುಮ್ಮನೆ ತಿನ್ನುವ ಮನುಷ್ಯರಲ್ಲ ಅವರು.

ಮಾರನೆಯ ದಿನವೇ ಸೆಂಟರಿನ ಹಳೆಯ ಕಂಪ್ಯೂಟರೊಂದನ್ನು ಆಟೋದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. "ಇದ್ಯಾಕೆ?" ಎಂದರು ಮೇಷ್ಟ್ರು. "ಇಡೋಕೆ ಜಾಗ ಇಲ್ಲ ಸಾರ್, ಇಲ್ಲಿರಲಿ" ಎಂದು ಸುಳ್ಳು ಹೇಳಿ ಜೋಡಿಸಿಕೊಟ್ಟೆ. ಎರಡು ದಿನ ಮುಖ ತಿರುಗಿಸಿಕೊಂಡಿದ್ದರಂತೆ. ಮೂರನೆಯ ದಿನ ಅದರ ಮುಂದೆ ಕೂತರಂತೆ. ಆದರೆ ಮೌಸ್ ಹಿಡಿದರೆ ಅಲ್ಲೂ ಅದೇ ಕಥೆ. ಕುದುರೆಯನ್ನು ಒಂದು ಮನೆಗೆ ಎಳೆದರೆ ಅದು ಇನ್ನೊಂದರಲ್ಲಿ ಬಿದ್ದಿರುತ್ತಿತ್ತು.

ಆಗ ಅಮ್ಮಾವ್ರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ನೀವು ಬಾಯಲ್ಲಿ ಹೇಳಿ, ನಾನು ಒತ್ತುತೀನಿ." ನಲವತ್ತು ವರ್ಷ ಚೆಸ್ಸಿಗೆ ಶಾಪ ಹಾಕಿದ ಹೆಂಗಸು ಒಂದೇ ವಾರದಲ್ಲಿ ಎಲ್ಲ ಕಾಯಿಗಳ ನಡೆಯನ್ನೂ ಕಲಿತರು. ಕಲಿತ ಮೇಲೆ ಸುಮ್ಮನಿರುವವರೇ? "ಅದನ್ನ ಅಲ್ಲಿಗ್ಯಾಕ್ರೀ ಕಳಿಸ್ತೀರಾ, ಒಂಟೆ ತಿಂದ್ಹಾಕುತ್ತೆ" ಎನ್ನುತ್ತಿದ್ದರಂತೆ. ಮೇಷ್ಟ್ರು ಮಾತ್ರ ಅದಕ್ಕೂ ರೇಗದೆ, "ಹೇಳಿದಷ್ಟು ಒತ್ತು" ಎಂದು ಮೆಲ್ಲಗೆ ಹೇಳುತ್ತಿದ್ದರಂತೆ. ಇನ್ನೊಬ್ಬರ ಕೈಯಲ್ಲಿ ಕಾಯಿ ನಡೆಸುವುದು ಸರಿಯೇ ಎಂದು ಕ್ಲಬ್ಬಿನಲ್ಲಿ ಪ್ರಶ್ನೆ ಬಂತು. ತಲೆ ಅವರದೇ ತಾನೆ, ಸರಿ ಎಂದು ನಾನೇ ತೀರ್ಪು ಕೊಟ್ಟೆ. ಕಾರ್ಯದರ್ಶಿ ಎಂದ ಮೇಲೆ ಅಷ್ಟಾದರೂ ಅಧಿಕಾರ ಬೇಡವೇ?

ಮುಂದಿನ ಟೂರ್ನಮೆಂಟಿಗೆ ಮೇಷ್ಟ್ರ ಹೆಸರು ಸೇರಿಸಿಕೊಂಡೆ. ನಾವು ಒಟ್ಟು ಆರು ಜನ. ಮೇಷ್ಟ್ರು, ಸಾವ್ಕಾರ್ರು, ಕಡಕೊಳದ ಕಾರ್ಖಾನೆಯೊಂದರ ಸೂಪರ್‌ವೈಸರ್, ಒಬ್ಬ ಹಲ್ಲಿನ ಡಾಕ್ಟರು, ಪಾಲಿಟೆಕ್ನಿಕ್ಕಿನ ಒಬ್ಬ ಲೆಕ್ಚರರ್, ಲೆಕ್ಕ ಸರಿಹೋಗಲಿ ಎಂದು ನಾನು. ಪ್ರತಿಯೊಬ್ಬರೂ ಉಳಿದ ಐವರ ಜೊತೆ ಒಂದೊಂದು ಆಟ. ಅಷ್ಟು ಹೊತ್ತಿಗೆ ಎಲ್ಲರೂ ಅವರವರ ಜಾಗದಿಂದಲೇ ಆಡುವುದನ್ನು ಕಲಿತಿದ್ದರು. ಸೂಪರ್‌ವೈಸರ್ ಅಂತೂ ಭಾನುವಾರದ ಪಾಳಿ ಬಿದ್ದಾಗ ಕಾರ್ಖಾನೆಯ ಆಫೀಸಿನಿಂದಲೇ ಆಡುತ್ತಿದ್ದರು.

ಎರಡು ಭಾನುವಾರಗಳಲ್ಲಿ ಆಟಗಳೆಲ್ಲ ಮುಗಿದವು. ಮೇಷ್ಟ್ರಿಗೆ ಐದಕ್ಕೆ ಐದು! ನಾನು ಫೋನ್ ಮಾಡಿ ಕೂಗಿ ಹೇಳಿದೆ. ಆ ಕಡೆ ಅಮ್ಮಾವ್ರು "ನಿಜವಾಗ್ಲೂ?" ಎಂದು ಮೂರು ಸಲ ಕೇಳಿದರು. ಮೇಷ್ಟ್ರು ಫೋನ್ ತೆಗೆದುಕೊಂಡು, "ಮುಂದಿನ ಭಾನುವಾರ ಎಲ್ಲರೂ ಮನೆಗೆ ಬನ್ನಿ. ಗೆದ್ದವನು ನಾನು. ತೋರಿಸಬೇಕಲ್ಲ. ಆಟಗಳನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಬಾ" ಎಂದರು.

ಸಿಕ್ಕಿಬಿದ್ದೆ ಎಂದುಕೊಂಡೆ. ನಾನು ಅವರ ಜೊತೆ ಆಡಿದ ಆಟದಲ್ಲಿ ನನ್ನ ಆನೆಯನ್ನು ಬೇಕೆಂದೇ ಅವರ ಒಂಟೆಯ ದಾರಿಯಲ್ಲಿ ಇಟ್ಟಿದ್ದೆ. ಹೇಗೂ ನಾನು ಅವರಿಗೆ ಸೋಲುವವಳೇ, ಸ್ವಲ್ಪ ಬೇಗ ಸೋತರೆ ಯಾರಿಗೆ ನಷ್ಟ, ಪಾಪ ಅವರಿಗೊಂದು ಗೆಲುವು ಸಿಗಲಿ ಅಂತ. ಆ ಹಾಳು ಕಾನೂನು ನನಗೆ ಮರೆತೇ ಹೋಗಿತ್ತು. ಇರಲಿ, ಐದರಲ್ಲಿ ಒಂದು ತಾನೆ, ನನ್ನ ಆಟ ಮೊದಲೇ ಅಷ್ಟಕ್ಕಷ್ಟೇ, ಗೊತ್ತಾಗಲಿಕ್ಕಿಲ್ಲ ಎಂದುಕೊಂಡು ಐದು ಹಾಳೆ ಪ್ರಿಂಟ್ ತೆಗೆದುಕೊಂಡು ಹೋದೆ.

ನಡುಮನೆಯಲ್ಲಿ ಬೋರ್ಡ್ ಇಟ್ಟಿದ್ದರು. ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ. ಮೊದಲು ಸಾವ್ಕಾರ್ರ ಆಟ. ಹಾಳೆ ನೋಡಿ ಅಮ್ಮಾವ್ರು ಕಾಯಿ ನಡೆಸಿದರು, ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಇಲ್ಲಿ ನಿಮ್ಮದು ಒಂದು ಆನೆ ಹೆಚ್ಚಿದೆ. ಗೆಲ್ತಾ ಇದ್ದೀರಿ. ಇಲ್ಲಿ ಮಂತ್ರೀನ ತಂದು ನನ್ನ ಕಾಲಾಳಿನ ಬಾಯಿಗೆ ಇಟ್ಟಿದ್ದೀರಿ. ಯಾಕೆ?"

"ಕಣ್ ತಪ್ಪೋಯ್ತು ಮೇಷ್ಟ್ರೇ" ಎಂದರು ಸಾವ್ಕಾರ್ರು, ಗೋಡೆಯ ಕ್ಯಾಲೆಂಡರ್ ನೋಡುತ್ತ.

ಎರಡನೆಯದು ಸೂಪರ್‌ವೈಸರದು. ಒಳ್ಳೆಯ ಆಟ, ಆದರೆ ಅರ್ಧದಲ್ಲೇ ನಿಂತು ಟೈಮು ಮುಗಿದು ಸೋತಿದ್ದರು. "ಕರೆಂಟ್ ಹೋಯ್ತು ಸಾರ್, ಕಡಕೊಳದಲ್ಲಿ."

"ನಿಮ್ಮ ಕಾರ್ಖಾನೇಲಿ ಜನರೇಟರ್ ಇದೆ, ಒಂದು ನಿಮಿಷಾನೂ ಕರೆಂಟ್ ಹೋಗಲ್ಲ ಅಂತ ನೀವೇ ಹೇಳಿದ್ರಲ್ಲ?" ಸೂಪರ್‌ವೈಸರ ಮುಖ ಇಷ್ಟೇ ಇಷ್ಟಾಯಿತು.

ಹಲ್ಲಿನ ಡಾಕ್ಟರು ಒಂದೇ ಒಂಟೆಯನ್ನು ಏಳು ಸಲ ಹಿಂದಕ್ಕೂ ಮುಂದಕ್ಕೂ ಓಡಾಡಿಸಿದ್ದರು. ಲೆಕ್ಚರರು ಸರಿಸಮನಾಗಿದ್ದ ಆಟದಲ್ಲಿ, ಕಾರಣವೇ ಇಲ್ಲದೆ, ಸೋತೆ ಎಂದು ಒಪ್ಪಿಕೊಂಡಿದ್ದರು. ಕೊನೆಗೆ ನನ್ನ ಹಾಳೆ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಆಡಿಸಲೂ ಇಲ್ಲ. ಕನ್ನಡಕ ತೆಗೆದು ಕೆಳಗಿಟ್ಟರು.

"ಯಾರು ಹೇಳಿಕೊಟ್ಟಿದ್ದು ಇದನ್ನ?"

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಎಲಾ ಇವರ! "ನಾನಲ್ಲ! ದೇವರಾಣೆ ನಾನಲ್ಲ! ನಾನು ಸೋತಿದ್ದು ನನ್ನಷ್ಟಕ್ಕೆ ನಾನು" ಎಂದು ಕೂಗಿಕೊಂಡೆ. ಅಲ್ಲಿಗೆ ಗುಟ್ಟು ಒಡೆಯಿತು. "ನಾನೂ ನನ್ನಷ್ಟಕ್ಕೇ" ಎಂದರು ಡಾಕ್ಟರು. "ನಾನೊಬ್ಬನೇ ಅಂದ್ಕೊಂಡಿದ್ದೆ" ಎಂದರು ಲೆಕ್ಚರರು. ಐದೂ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಪುಣ್ಯ ಮಾಡುತ್ತಿರುವವರು ತಾವೊಬ್ಬರೇ ಎಂದುಕೊಂಡು ಸೋತಿದ್ದೆವು. ಪರಸ್ಪರ ಮುಖ ನೋಡಿಕೊಂಡರೆ ನಗು ಉಕ್ಕಿ ಬರುತ್ತಿತ್ತು, ನಗುವ ಧೈರ್ಯ ಯಾರಿಗೂ ಇರಲಿಲ್ಲ.

"ನಡುಗ್ತಿರೋದು ನನ್ನ ಕೈ" ಎಂದರು ಮೇಷ್ಟ್ರು. ಆಗಲೂ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ವಾಸಿಯಾಗಿತ್ತು. "ತಲೆಯೂ ಹೋಯ್ತು ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಒಳ್ಳೇದು. ಹೊರಡಿ."

"ಉಪ್ಪಿಟ್ಟು ಆಗಿದೆ, ತಿಂದೇ ಹೊರಡಿ" ಎಂದು ಅಮ್ಮಾವ್ರು ತಟ್ಟೆ ತಂದರು. ತಿನ್ನದೆ ಎದ್ದರೆ ಅವರಿಗೆ ಬೇಜಾರು, ತಿಂದರೆ ಇವರಿಗೆ ಕೋಪ. ಐದೂ ಜನ ತಲೆ ತಗ್ಗಿಸಿಕೊಂಡು ತಿಂದೆವು. ಮೇಷ್ಟ್ರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಗೇಟಿನ ಹೊರಗೆ ಬಂದ ಮೇಲೆ ಶುರುವಾಯಿತು ಜಗಳ. "ಎಂಗೆ ಆಡ್ತಿದ್ದೆ ಗೊತ್ತಾ ಅವತ್ತು!" ಸಾವ್ಕಾರ್ರು ಹಣೆ ಚಚ್ಚಿಕೊಂಡರು. "ಇಷ್ಟ್ ವರ್ಸದಲ್ಲಿ ಒಂದ್ಸಲ ಗೆಲ್ಲೋ ಹೊತ್ತು ಬಂದಿತ್ತು. ಅದನ್ನೂ ಬುಟ್ಕೊಟ್ಟೆ. ಅದಕ್ಕೂ ಬೈಸ್ಕೊಂಡೆ." ನನಗೂ ರೇಗಿತು. ನಿಮ್ಮ ಮಂತ್ರಿಯನ್ನು ಅಷ್ಟು ಒಡ್ಡೊಡ್ಡಾಗಿ ಯಾಕೆ ಇಟ್ಟಿರಿ, ಸೋಲುವುದಕ್ಕೂ ಒಂದು ರೀತಿ ಬೇಡವೇ ಎಂದು ಅವರಿಗೇ ಬೈದೆ.

ಹದಿನೈದು ದಿನ ಮೇಷ್ಟ್ರು ಫೋನಿಗೆ ಬರಲಿಲ್ಲ. ಕಂಪ್ಯೂಟರಿಗೆ ಟವೆಲ್ ಹೊದಿಸಿಟ್ಟಿದ್ದಾರೆ ಎಂದು ಅಮ್ಮಾವ್ರು ಹೇಳಿದರು. ಹದಿನಾರನೆಯ ದಿನ ನನ್ನ ತಲೆ ಕೆಟ್ಟಿತು. ಸೆಂಟರಿಗೆ ಬೀಗ ಹಾಕಿ ನೇರ ಅವರ ಮನೆಗೆ ಹೋಗಿ, ಚಪ್ಪಲಿ ಬಿಡುತ್ತಲೇ ಬಾಯಿ ಬಿಟ್ಟೆ. "ತಪ್ಪು ಮಾಡಿದ್ವಿ ಸಾರ್. ತಪ್ಪು ಮಾಡಿದವರಿಗೆ ಬೈಯಬೇಕು ನೀವು. ಕ್ಲಾಸಲ್ಲಿ ಹುಡುಗರು ಲೆಕ್ಕ ತಪ್ಪಿದ್ರೆ ಬಾಗಿಲು ಹಾಕ್ಕೊಂಡು ಕೂರ್ತಿದ್ರಾ? ನೀವು ಆಡದೇ ಹೋದ್ರೆ ನಮಗ್ಯಾರು ಗತಿ? ಅಲ್ಲಿ ಯಾರಿಗೂ ಆಡೋಕೇ ಮನಸ್ಸಿಲ್ಲ. ನಿಮ್ಮ ಮೇಲಿನ ಪ್ರೀತಿಗೆ ಮಾಡಿದ್ದು, ಹೊಟ್ಟೆಗೆ ಹಾಕ್ಕೊಳ್ಳಿ." ಕೊನೆಕೊನೆಗೆ ನನಗೆ ಅಳುವೇ ಬಂದುಬಿಟ್ಟಿತು. ಏನೆಲ್ಲ ಅಂದೆನೋ, ಅರ್ಧ ನೆನಪಿಲ್ಲ.

ಮೇಷ್ಟ್ರು ಎದ್ದು ಹೋಗಿ ಕಂಪ್ಯೂಟರಿನ ಮೇಲಿನ ಟವೆಲ್ಲನ್ನು ಎಡಗೈಯಲ್ಲಿ ಎಳೆದು ಕುರ್ಚಿಯ ಮೇಲೆ ಹಾಕಿದರು. ಆಮೇಲೆ, "ಮತ್ತೆ ನಡೆಸು" ಎಂದರು. "ಮೊದಲಿಂದ, ಐದು ಆಟ. ಒಬ್ಬರು ಕೈ ಬಿಟ್ರೂ ನನಗೆ ಗೊತ್ತಾಗುತ್ತೆ. ಗೊತ್ತಾದ ದಿನ ನಿನ್ನ ಕಂಪ್ಯೂಟರ್ ವಾಪಸ್ ತಗೊಂಡು ಹೋಗು. ಆಮೇಲೆ ನನ್ನನ್ನ ಯಾವತ್ತೂ ಕರೀಬೇಡ."

ಎಲ್ಲರಿಗೂ ಫೋನ್ ಮಾಡಿದೆ. "ಕರುಣೆ ಗಿರುಣೆ ಎಂದರೆ ಜೋಕೆ, ಕೊಂದುಹಾಕುತ್ತೇನೆ" ಎಂದೆ. ಹೇಳುವುದು ಸುಲಭ. ಆದರೆ ಎಲ್ಲರೂ ನಿಜವಾಗಿ ಆಡಿ, ಮೇಷ್ಟ್ರು ಐದಕ್ಕೆ ಐದೂ ಸೋತುಬಿಟ್ಟರೆ? ಸೋತು, ಆಗಲೂ "ಸಾಕಮ್ಮ" ಎಂದುಬಿಟ್ಟರೆ? ಆ ವಾರವೆಲ್ಲ ನನಗೆ ಅದೇ ಯೋಚನೆ.

ಮೊದಲ ಭಾನುವಾರ ಮೇಷ್ಟ್ರು ನನ್ನ ಜೊತೆ ಆಡಿದರು. ನಾನು ಜೀವ ಬಿಟ್ಟು ಆಡಿದೆ. ಇಪ್ಪತ್ತೆರಡು ನಡೆಯಲ್ಲಿ ಮುಗಿಸಿ ಹಾಕಿದರು. ಅಯ್ಯೋ ದೇವರೇ, ಹೋದ ಸಲ ನಾನು ಆನೆ ಕೊಡುವ ಅಗತ್ಯವೇ ಇರಲಿಲ್ಲ! ಲೆಕ್ಚರರನ್ನೂ ಸೋಲಿಸಿದರು. ಆದರೆ ಸೂಪರ್‌ವೈಸರ್ ಮೇಷ್ಟ್ರನ್ನು ಸೋಲಿಸಿದರು, ಹಲ್ಲಿನ ಡಾಕ್ಟರೂ ಸೋಲಿಸಿದರು. ಎರಡನೆಯ ಭಾನುವಾರ ಉಳಿದದ್ದು ಸಾವ್ಕಾರ್ರ ಜೊತೆಗಿನ ಆಟ ಒಂದೇ.

ನಾನು ಸೆಂಟರಿನಲ್ಲಿ ಕೂತು ಪರದೆಯಲ್ಲಿ ಅದನ್ನು ನೋಡುತ್ತಿದ್ದೆ. ಇಬ್ಬರೂ ಒಂದು ಇಂಚೂ ಬಿಟ್ಟುಕೊಡಲಿಲ್ಲ. ಮಂತ್ರಿಗಳು ಹೋದವು, ಕುದುರೆಗಳು ಹೋದವು. ಮೇಷ್ಟ್ರ ಕಾಲಾಳೊಂದು ಮುಂದೆ ಓಡಿತು, ಸಾವ್ಕಾರ್ರ ಆನೆ ಹಿಂದೆ ಬಂದು ಅದನ್ನು ಹಿಡಿಯಿತು. ಅಲ್ಲಿಂದ ಹತ್ತು ನಡೆಯಲ್ಲಿ ಚೆಕ್‌ಮೇಟ್. ಎರಡೇ ನಿಮಿಷಕ್ಕೆ ಸಾವ್ಕಾರ್ರ ಫೋನ್ ಬಂತು. "ಗೆದ್ಬುಟ್ಟೆ ಕಣಮ್ಮ" ಎಂದರು. "ಖುಷಿ ಪಡಾದೋ ಬ್ಯಾಡ್ವೋ ಒಂದೂ ತಿಳೀತಿಲ್ಲ. ಅವರು ಏನಾರ ಅಂದ್ರಾ?"

ಏನೂ ಅಂದಿರಲಿಲ್ಲ. ಐದರಲ್ಲಿ ಮೂರು ಸೋಲು. ಫೋನ್ ಮಾಡಲು ನನಗೆ ಧೈರ್ಯವಿಲ್ಲ. ಮಧ್ಯಾಹ್ನ ಊಟ ಬಿಟ್ಟು ಸೆಂಟರಿನ ಗೂಡುಗಳನ್ನೆಲ್ಲ ಒರೆಸಿದೆ. ಕಂಪ್ಯೂಟರ್ ತರಲು ಆಟೋ ಹೇಳಬೇಕೇನೋ ಎಂದುಕೊಳ್ಳುತ್ತಿರುವಾಗ ಫೋನ್ ಹೊಡೆದುಕೊಂಡಿತು. ಅಮ್ಮಾವ್ರು.

"ಇವರು ನನ್ನ ಮೇಲೆ ರೇಗಾಡ್ತಾ ಇದಾರೆ ಕಣಮ್ಮ" ಎಂದರು. "ನಿನ್ನಿಂದಲೇ ಸೋತೆ ಅಂತಾರೆ. ಆನೆ ಒತ್ತು ಅಂದಾಗ ತಡ ಮಾಡಿದೆ ಅಂತೆ, ಪಕ್ಕದಲ್ಲಿ ಕೂತು ವಟವಟ ಅಂದು ತಲೆ ತಿಂದೆ ಅಂತೆ. ಮನೆ ಸೂರು ಹಾರಿ ಹೋಗೋ ಹಾಗೆ ಕೂಗ್ತಿದಾರೆ. ಪಕ್ಕದ ಮನೆಯವರು ಏನಾಯ್ತು ಅಂತ ಬಂದು ನೋಡಿಕೊಂಡು ಹೋದ್ರು."

"ಕ್ಷಮಿಸಿ ಅಮ್ಮ, ಎಲ್ಲ ನನ್ನಿಂದಲೇ ಆಗಿದ್ದು" ಎಂದೆ.

"ಥೂ ಸುಮ್ನಿರೇ!" ಅಮ್ಮಾವ್ರು ನಗುತ್ತಿದ್ದರು, ನಗುನಗುತ್ತಲೇ ಮೂಗು ಸೊರಸೊರ ಎನ್ನುತ್ತಿತ್ತು. "ಆ ಕೈ ನಡುಗೋಕೆ ಶುರುವಾದಾಗಿಂದ ಇವರ ಬಾಯಲ್ಲಿ ಒಂದು ಬೈಗುಳ ಕೇಳಿರ್ಲಿಲ್ಲ ಕಣೇ ನಾನು. ಇವತ್ತು ಬೈದ್ರು. ಬಾಯಿ ತುಂಬ ಬೈದ್ರು. ನಾನೂ ಬಿಡಲಿಲ್ಲ, ನೀವೇ ದಡ್ಡ ನಡೆ ನಡೆಸಿದ್ದು ಅಂತ ಅಂದ್ಬಿಟ್ಟೆ."

ಹಿಂದಿನಿಂದ ಮೇಷ್ಟ್ರ ದನಿ ಕೇಳಿಸಿತು. ಹೈಸ್ಕೂಲಿನ ಕೊನೆಯ ಬೆಂಚಿಗೂ ಮುಟ್ಟುವ ದನಿ. "ಎಷ್ಟು ಹೊತ್ತೇ ಆ ಫೋನು? ಇಡು ಕೆಳಗೆ! ಸಾವ್ಕಾರ್ರು ಇನ್ನೊಂದಾಟಕ್ಕೆ ಒಪ್ಪಿದಾರೆ. ಬಾ, ಕೂತ್ಕೋ!"

"ಬಂದೇರೀ!" ಎಂದು ಅಮ್ಮಾವ್ರು ಅಷ್ಟೇ ಗಟ್ಟಿಯಾಗಿ ಕೂಗಿ, ನನಗೆ ಹೇಳದೆಯೇ ಫೋನ್ ಇಟ್ಟುಬಿಟ್ಟರು.